ಸಿರಿಲನನ್ನು ಹೊರಗಿಡುವ ಬಾಗಿಲು

ಬೆಕ್ಕಿಗೆಂದು ಬಾಗಿಲು ಇಡಿಸುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಇದನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಈಗ ಸಿಡ್ನಿಯ ಈ ಗಿರಾವೀನ್ ಸಬರ್ಬಿನಲ್ಲಿ ಬೆಕ್ಕಿನ ಬಾಗಿಲಿನ ವಿಷಯದಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಯಾವುದನ್ನು ಕಂಡು ಮೂಗು ಮುರಿದೆವೋ ಅದರಲ್ಲೇ ಪಂಡಿತರಾಗಬೇಕಾಗಿ ಬರುವುದು ಒಂದು ಬಗೆಯ ಶಿಕ್ಷೆ. ಅದನ್ನು ಅನುಭವಿಸುತ್ತಿದ್ದೇನೆ.

ನಾನು ಬೆಳೆದ ಉಡುಪಿಯಲ್ಲಿ ಬೆಕ್ಕು ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಬರುತ್ತಿತ್ತು, ಹೋಗುತ್ತಿತ್ತು. ಕಿಟಕಿ, ಕಿಂಡಿ, ಹಂಚಿನ ಸಂದಿ ಎಲ್ಲವೂ ಅದರದ್ದೇ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ಕತೆ ಹೇಳುತ್ತಿದ್ದರು. ಹೆಸರಾಂತ ವಿಜ್ಞಾನಿಯೊಬ್ಬ ತನ್ನ ಬೆಕ್ಕಿಗೆಂದು ಬಾಗಿಲಲ್ಲಿ ದೊಡ್ಡ ತೂತು ಕೊರೆಸಿದನಂತೆ. ಬೆಕ್ಕು ಮರಿ ಹಾಕಿದ ಮೇಲೆ ಮರಿಗಳಿಗೆಂದು ಪಕ್ಕದಲ್ಲೇ ಚಿಕ್ಕ ತೂತೊಂದನ್ನು ಕೊರೆಸಿದನಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೊಡ್ಡವರೂ ಒಮ್ಮೊಮ್ಮೆ ಪೆದ್ದರಾಗುತ್ತಾರೆ ಎಂಬುದು ಮೇಷ್ಟ್ರು ತೆಗೆದ ನೀತಿ. ಪೆದ್ದುತನ ಮಾಡಿದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ ಎಂಬ ಉಳಿದರ್ಧವನ್ನು ಅವರು ಹೇಳಲಿಲ್ಲ. ಅದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ.

ಇದರಲ್ಲಿ ಇನ್ನೊಂದು ಅವಮಾನವೂ ಸೇರಿದೆ. ಹೊಟ್ಟೆಪಾಡಿಗೆ ನಾನು ನೀರಿನ ಕೊಳವೆಗಳ ಎಂಜಿನಿಯರ್. ಒಂದೇ ದಿಕ್ಕಿಗೆ ತೆರೆದುಕೊಳ್ಳುವ ವಾಲ್ವುಗಳನ್ನು ಆರಿಸುವುದು ನನ್ನ ಕಸುಬು. ಹೋದ ನೀರು ಹಿಂದಕ್ಕೆ ಬರಬಾರದು, ಬೇಡದ ನೀರು ಒಳಗೆ ನುಗ್ಗಬಾರದು. ಬೆಕ್ಕಿನ ಬಾಗಿಲೆಂದರೆ ಇದೇ ತಾನೆ? ನಾಲ್ಕು ಕಾಲಿನ ನೀರು ಎಂದುಕೊಂಡರಾಯಿತು. ಊರಿಗೆಲ್ಲ ನೀರು ಹರಿಸುವವನಿಗೆ ಒಂದು ಬೆಕ್ಕು ಯಾವ ಲೆಕ್ಕ ಎಂದು ನಾನು ಭಾವಿಸಿದ್ದೆ. ನೀರಿಗೆ ಬುದ್ಧಿಯಿಲ್ಲ ಎಂಬ ಸಣ್ಣ ವ್ಯತ್ಯಾಸ ಹೊಳೆಯಲಿಲ್ಲ.

ಬೆಕ್ಕು ನನ್ನದಲ್ಲ, ಮಗಳು ಅನಘಳದ್ದು. ಪ್ರೈಮರಿ ಶಾಲೆ ಮುಗಿಸುವ ವರ್ಷ ಹಟ ಹಿಡಿದು ಒಂದು ಬೂದು ಬಣ್ಣದ ಪಟ್ಟೆಪಟ್ಟೆ ಮರಿ ತಂದಳು. ತುಳುವಿನಲ್ಲಿ ಬೆಕ್ಕಿಗೆ ಏನೆನ್ನುತ್ತಾರೆ ಎಂದು ಕೇಳಿದಳು. ಪುಚ್ಚೆ ಎಂದೆ. ಅದೇ ಹೆಸರಾಯಿತು. ಇಲ್ಲಿಯ ನಗರಸಭೆಯಾದ ಕೌನ್ಸಿಲ್ಲಿನ ದಾಖಲೆಯಲ್ಲೂ ಅದರ ಕತ್ತಿನ ಚರ್ಮದಡಿ ಇರುವ ಗುರುತಿನ ಮೈಕ್ರೊಚಿಪ್ಪಿನ ಲೆಕ್ಕದಲ್ಲೂ ಪುಚ್ಚೆ ಎಂದೇ ಇದೆ, ಅಂದರೆ ಬೆಕ್ಕು ಎಂಬ ಹೆಸರಿನ ಬೆಕ್ಕು. ಈಗ ಮಗಳು ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಫ್ಯಾಕ್ಟರಿಗಳಲ್ಲಿ ಭಾರ ಎತ್ತಿ ಸೊಂಟ ಹಿಡಿದುಕೊಂಡವರನ್ನು ನೆಟ್ಟಗೆ ಮಾಡುವ ಕೆಲಸ. ಅಲ್ಲಿ ಮೂವರು ಹುಡುಗಿಯರು ಸೇರಿ ರೆಂಟ್ ಕೊಡುವ ಮನೆ, ಅದರಲ್ಲೊಬ್ಬಳಿಗೆ ಬೆಕ್ಕಿನ ಕೂದಲು ಸೋಕಿದರೆ ಸೀನು. ಹಾಗಾಗಿ ತನ್ನದೇ ಮನೆ ಸಿಗುವ ತನಕ ಮಾತ್ರ ಎಂದು ಹೇಳಿ ಪುಚ್ಚೆಯನ್ನು ನಮ್ಮ ಬಳಿ ಬಿಟ್ಟು ಹೋದಳು. ‘ತನಕ ಮಾತ್ರ’ಕ್ಕೆ ಈಗ ಎರಡು ವರ್ಷ.

ಹೋದವಳು ದಿನಾ ಸಂಜೆ, ನಾನು ಮನೆ ಸೇರಿದ ಮೇಲೆ, ವಿಡಿಯೊ ಕಾಲ್ ಮಾಡುತ್ತಾಳೆ. ಎಂಥ ಒಳ್ಳೆಯ ಮಗಳು ಎಂದು ನೀವು ಹೇಳುವ ಮೊದಲು ಪೂರ್ತಿ ಕೇಳಿ. ಕಾಲ್ ಎತ್ತಿದ ಕೂಡಲೇ ಅವಳ ಮಾತು, “ಹೈ ಅಪ್ಪ, ಪುಚ್ಚೆ ಎಲ್ಲಿ?” ನಾನು ಫೋನನ್ನು ಬೆಕ್ಕಿನ ಕಡೆ ತಿರುಗಿಸುತ್ತೇನೆ. ಬೆಕ್ಕು ಫೋನಿಗೆ ಬೆನ್ನು ತಿರುಗಿಸುತ್ತದೆ. ಆ ಬೆನ್ನನ್ನು ನೋಡಿ ಮಗಳು ಹತ್ತು ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಮುದ್ದು ಮಾಡುತ್ತಾಳೆ. ಅಷ್ಟು ಹೊತ್ತೂ ನಾನು ಕೈ ಚಾಚಿ ನಿಂತ ಸ್ಟ್ಯಾಂಡು. ನನ್ನ ಮುಖ ಪರದೆಯ ಮೇಲೆ ಬರುವುದು ಬೆಕ್ಕನ್ನು ಹುಡುಕುವಷ್ಟು ಹೊತ್ತು. ಈ ಮರ್ಯಾದೆಗೆ ಹೊಂದಿಕೊಂಡಿದ್ದೆ. ಹೇಗೋ ಮನೆಯಲ್ಲಿ ಮಗಳ ಧ್ವನಿ ಕೇಳುತ್ತಿತ್ತಲ್ಲ.

ಕಳೆದ ಚಳಿಗಾಲ ಮುಗಿಯುವ ಹೊತ್ತಿಗೆ ಪುಚ್ಚೆ ಬಡವಾಗತೊಡಗಿತು. ಬೆಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ಪರೀಕ್ಷೆ ಮಾಡಿ, ಕಿಡ್ನಿ ಸೋತಿದೆ ಎಂದಳು. ಇನ್ನು ಮುಂದೆ ಈ ಒಂದೇ ಔಷಧದ ಆಹಾರ, ದಿನಾ ಸಂಜೆ ಗೊತ್ತಾದ ಹೊತ್ತಿಗೆ. ಅದನ್ನು ಹೊಟ್ಟೆ ತುಂಬ ತಿಂದರೆ ಇನ್ನೂ ಒಂದೆರಡು ವರ್ಷ ಹಾಯಾಗಿರುತ್ತದೆ. ತೂಕ ಇನ್ನೂ ಇಳಿದರೆ ನಾವು ಬೇರೆ ಮಾತಾಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದಳು. ಬೇರೆ ಮಾತು ಎಂದರೆ ಏನೆಂದು ನನಗೂ ಗೊತ್ತಾಯಿತು, ನನ್ನ ಹೆಂಡತಿ ವೀಣಾಗೂ ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೆ ಬೆಕ್ಕಿಗಿಂತ ಹೆಚ್ಚಾಗಿ ನನ್ನ ಚಿಂತೆಯೇ ಆಗಿತ್ತು. ಬೆಕ್ಕು ಹೋದರೆ ದಿನದ ವಿಡಿಯೊ ಕಾಲೂ ಹೋಗುತ್ತದೆ. ಆಮೇಲೆ ಮಗಳು ನಮ್ಮನ್ನು ನೋಡಲು ಯಾಕೆ ಫೋನ್ ಮಾಡಿಯಾಳು? ನಮ್ಮ ಬೆನ್ನಿನಲ್ಲಿ ಅಷ್ಟು ಚೆಂದದ ಪಟ್ಟೆಗಳಿಲ್ಲ. ಇದನ್ನು ನಾನು ವೀಣಾಗೂ ಹೇಳಲಿಲ್ಲ.

ಕಾಳಿನಂಥ ಆ ಔಷಧದ ಆಹಾರ ಶುರುವಾಯಿತು. ಬಟ್ಟಲು ದಿನಾ ಖಾಲಿಯಾಗುತ್ತಿತ್ತು. ಬೆಕ್ಕು ದಿನಾ ತೆಳ್ಳಗಾಗುತ್ತಿತ್ತು. ಇದು ಯಾವ ಲೆಕ್ಕ ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಗೆ ಹೋದೆ. ನಮ್ಮ ಹಿಂಬಾಗಿಲು ಇರುವುದು ಅಲ್ಲೇ. ಆ ಬಾಗಿಲಿನ ಕೆಳಭಾಗದಲ್ಲಿ, ಮನೆಯ ಹಿಂದಿನ ಮಾಲೀಕರು ಬಿಟ್ಟುಹೋದ ಬೆಕ್ಕಿನ ಒಂದು ಪ್ಲಾಸ್ಟಿಕ್ ಬಾಗಿಲಿತ್ತು. ಮೂಗಿದ್ದ ಯಾವ ಪ್ರಾಣಿಯಾದರೂ ತಳ್ಳಿಕೊಂಡು ಬರಬಹುದಾದಂಥದ್ದು. ಅದರಿಂದ ಅರ್ಧ ಒಳಗೆ, ಅರ್ಧ ಹೊರಗೆ ಇದ್ದ ಸಿರಿಲ್ ನನ್ನನ್ನು ನೋಡಿದ. ಗಾಬರಿಯಾಗಲಿಲ್ಲ. ಸ್ವಲ್ಪ ಯೋಚಿಸಿ, ಹೊಟ್ಟೆ ದೊಡ್ಡದಾದ ಕಾರಣ ಬಹಳ ನಿಧಾನವಾಗಿ, ಹಿಂದಕ್ಕೆ ಸರಿದ.

ಸಿರಿಲ್ ಪಕ್ಕದ ಮನೆಯ ಫ್ಲೋರಿನ್ ಬಾಯಿಯವರ ಬೆಕ್ಕು. ಕೆಂಚು ಬಣ್ಣ, ಅಗಲ ಮುಖ, ಪಿಂಚಣಿ ಪಡೆಯುವವನ ನಡಿಗೆ. ಫ್ಲೋರಿನ್ ಬಾಯಿ ಮಂಗಳೂರಿನವರು. ಇಲ್ಲಿಯ ವೃದ್ಧಾಶ್ರಮಗಳಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರ ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬೇಲಿ ದಾಟಿ ಬಂದರೆ ನಮ್ಮ ಸಸ್ಯಾಹಾರಿ ಮನೆಯ ಪುಚ್ಚೆ ಬೇಲಿಯ ಬಳಿ ಕುಳಿತು ಧ್ಯಾನ ಮಾಡುತ್ತಿತ್ತು. ಇಷ್ಟೆಲ್ಲ ಮೀನಿರುವ ಮನೆಯ ಬೆಕ್ಕಿಗೆ ನಮ್ಮ ಕಿಡ್ನಿಯ ಕಾಳು ಏಕೆ ಬೇಕಾಯಿತು? ಮನೆಯಲ್ಲಿ ಮೃಷ್ಟಾನ್ನವಿದ್ದರೂ ಹೋಟೆಲಿಗೆ ಹೋಗುವ ಗಂಡಸರನ್ನು ನಾನು ನೋಡಿದ್ದೇನೆ. ಅದೇ ಜಾತಿ.

ಅವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡರು.

“ನಮ್ಮ ಸಿರಿಲ್ ಹಾಗೆ ಕಿಂಡಿಯಲ್ಲಿ ನುಗ್ಗುವ ಜಾತಿ ಅಲ್ಲ ಮಾರಾಯ್ರೆ,” ಎಂದರು. “ಅವನು ಮರ್ಯಾದಸ್ಥ. ನೀವು ನೋಡಿದ್ದು ಬೇರೆ ಯಾರನ್ನೋ.”

ಗಿರಾವೀನ್‌ನಲ್ಲಿ ಆ ಗಾತ್ರದ ಇನ್ನೊಂದು ಕೆಂಚು ಬೆಕ್ಕು ಇದ್ದಿದ್ದರೆ ಪೇಪರಿನಲ್ಲಿ ಬರುತ್ತಿತ್ತು. ಆದರೆ ವಾದ ಮಾಡಲಿಲ್ಲ. ಮರ್ಯಾದೆಯನ್ನು ನಂಬಿ ಕೂರುವವನಲ್ಲ ನಾನು, ವಾಲ್ವನ್ನು ನಂಬುವವನು. ಪಕ್ಕದ ಮನೆಯ ಬೆಕ್ಕನ್ನು ಹೊರಗಿಟ್ಟು ನಮ್ಮ ಬೆಕ್ಕನ್ನು ಒಳಗೆ ಬಿಡುವ ಬಾಗಿಲನ್ನು ಹುಡುಕುತ್ತೇನೆ ಎಂದು ಪಣ ತೊಟ್ಟೆ. ಮೂರು ವಾರಾಂತ್ಯ ಅದಕ್ಕೇ ಹೋಯಿತು.

ಮೊದಲು ಸಿಕ್ಕಿದ್ದು ಅಯಸ್ಕಾಂತದ ಬಾಗಿಲು. ನಮ್ಮ ಬೆಕ್ಕಿನ ಕತ್ತಿನ ಪಟ್ಟಿಗೆ ಅಯಸ್ಕಾಂತದ ಚೂರೊಂದನ್ನು ಕಟ್ಟಬೇಕು. ಅದು ಹತ್ತಿರ ಬಂದಾಗ ಚಿಲಕ ತೆರೆಯುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಇಲಿಗಳು ಕೇಳಿದ ಪ್ರಶ್ನೆಗೆ ಈ ಕಂಪನಿಗಳು ಕೊನೆಗೂ ಉತ್ತರ ಕಂಡುಹಿಡಿದಿವೆ: ಕಟ್ಟುವವನು ಎಂಜಿನಿಯರ್. ತಂದು ಕಟ್ಟಿದೆ. ಬಾಗಿಲಿಗೆ ಜೋಡಿಸುವ ಮುನ್ನವೇ ಪುಚ್ಚೆ ತೋಟ ಸುತ್ತಿ ಒಂದು ಮೊಳೆ, ಒಂದು ಹೇರ್‌ಪಿನ್ ಅಂಟಿಸಿಕೊಂಡು ಬಂತು. ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಕತ್ತು ತಾಗಿಸಿ ಹಾಗೇ ನಿಂತುಬಿಟ್ಟಿತು. ವೀಣಾ ಬಿಡಿಸಿದಳು. ಆ ಬಾಗಿಲನ್ನು ಅಂಗಡಿಗೆ ವಾಪಸ್ ಕೊಟ್ಟೆ.

ಆಮೇಲೆ ಎಪ್ಪಿಂಗಿನ ನನ್ನ ಗೆಳೆಯ ಶ್ರೀನಿಧಿಯ ಸಲಹೆ. ಅವನಿರುವುದು ಹನ್ನೊಂದನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಅವನಿಗೆ ಬೆಕ್ಕೂ ಇಲ್ಲ, ಹಿಂಬಾಗಿಲೂ ಇಲ್ಲ. ಇವೆರಡೂ ಇಲ್ಲದ್ದರಿಂದ ಅವನ ಸಲಹೆ ಬಹಳ ಸ್ಪಷ್ಟವಾಗಿತ್ತು. ಫೋನಿಗೆ ಸಂದೇಶ ಕಳಿಸುವ ಬಾಗಿಲು ತಗೋ ಎಂದ. ಬೆಕ್ಕು ಹೊರಗೆ ಹೋದರೆ ಸಂದೇಶ, ಒಳಗೆ ಬಂದರೆ ಸಂದೇಶ, ತಿಂಗಳ ಕೊನೆಗೆ ಗ್ರಾಫ್. ನನ್ನ ಮಗಳು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆಂದು ತಿಳಿಯುವ ಭಾಗ್ಯ ನನಗಿಲ್ಲ. ಬೆಕ್ಕಿನ ಗ್ರಾಫ್ ಇಟ್ಟುಕೊಂಡು ಏನು ಮಾಡಲಿ? ಹಾಗೆಂದು ಅವನಿಗೆ ಹೇಳಿದೆ. ಟೆಕ್ನಾಲಜಿಗೆ ನಾನು ವಿರೋಧಿ ಎಂದು ಅವನು ವಾಟ್ಸಪ್ ಗುಂಪಿನಲ್ಲಿ ಹಾಕಿದ.

ಈ ಬಾಗಿಲುಗಳ ಜಾಹೀರಾತುಗಳನ್ನು ಒಮ್ಮೆ ಓದಬೇಕು ನೀವು. ಒಂದೊಂದರ ಮೇಲೂ ನಗುವ ದಂಪತಿ, ನಗುವ ಬೆಕ್ಕು. ಬೆಕ್ಕು ನಗುವುದಿಲ್ಲ ಎಂದು ಬೆಕ್ಕು ಸಾಕಿದ ಎಲ್ಲರಿಗೂ ಗೊತ್ತು. ಕೆಳಗೆ ಕೊಳ್ಳುಗರ ಅಭಿಪ್ರಾಯಗಳು. ಒಬ್ಬ ಬಾಗಿಲು ಅದ್ಭುತ ಎಂದು ಐದು ಚುಕ್ಕಿ ಕೊಟ್ಟು, ಇನ್ನೂ ಜೋಡಿಸಿಲ್ಲ ಎಂದು ಬರೆದಿದ್ದಾನೆ. ಇನ್ನೊಬ್ಬಳು ನಮ್ಮ ಬೆಕ್ಕಿಗೆ ಬಾಗಿಲಿನ ಬಣ್ಣ ಹಿಡಿಸಲಿಲ್ಲ ಎಂದು ಒಂದೇ ಚುಕ್ಕಿ ಕೊಟ್ಟಿದ್ದಾಳೆ. ಇವರೆಲ್ಲ ಚುನಾವಣೆಯಲ್ಲಿ ಮತ ಹಾಕುವವರು. ಇಲ್ಲಿ ಮತ ಹಾಕುವುದು ಕಡ್ಡಾಯ ಬೇರೆ.

ಕೊನೆಗೆ ಆರಿಸಿದ್ದು ಮೈಕ್ರೊಚಿಪ್ ಓದುವ ಬಾಗಿಲು. ಬೆಕ್ಕಿನ ಕತ್ತಿನಲ್ಲಿರುವ ಚಿಪ್ಪನ್ನು ಬಾಗಿಲು ತಾನೇ ಓದುತ್ತದೆ, ನಮ್ಮದಾದರೆ ಕ್ಲಿಕ್ ಎಂದು ತೆರೆಯುತ್ತದೆ, ಬೇರೆಯದಾದರೆ ಒಂದು ಕೆಂಪು ದೀಪ ಮಿನುಗಿಸಿ ಸುಮ್ಮನಿರುತ್ತದೆ. ಪಕ್ಕದಲ್ಲೊಂದು ಗುಬುಟು, ಅದನ್ನು ತಿರುಗಿಸಿ ಒಳಗೆ ಮಾತ್ರ, ಹೊರಗೆ ಮಾತ್ರ, ಎರಡೂ, ಅಥವಾ ಪೂರ್ತಿ ಬಂದ್ ಎಂದು ಇಡಬಹುದು. ಇದನ್ನು ನೋಡಿ ನನ್ನೊಳಗಿನ ವಾಲ್ವ್ ಎಂಜಿನಿಯರ್ ಕರಗಿಹೋದ. ಭಾನುವಾರ ಇಡೀ ದಿನ ಮಂಡಿಯೂರಿ ಕುಳಿತು ಲಾಂಡ್ರಿ ಬಾಗಿಲನ್ನು ಕೊಯ್ದು ಜೋಡಿಸಿದೆ. ಸಂಜೆಯ ಹೊತ್ತಿಗೆ ಪುಚ್ಚೆ ಒಳಗೆ ಬಂತು: ಕ್ಲಿಕ್. ಸ್ವಲ್ಪ ಹೊತ್ತಿಗೆ ಸಿರಿಲ್ ಬಂದ. ಕೆಂಪು ದೀಪ. ಮೂತಿಯಿಂದ ತಳ್ಳಿದ. ಕೆಂಪು ದೀಪ. ಗಾಜಿನಂಥ ಆ ಪ್ಲಾಸ್ಟಿಕ್ಕಿನ ಈಚೆ ಕುಳಿತು ನಾನು ಅವನ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಯಾವ ನೀರೂ ನನಗೆ ಇಂಥ ತೃಪ್ತಿ ಕೊಟ್ಟಿರಲಿಲ್ಲ.

ಎರಡು ವಾರದ ಮೇಲೆ ಪುಚ್ಚೆಯನ್ನು ತೂಕಕ್ಕೆ ಒಯ್ದೆವು. ಇನ್ನೂ ಇಳಿದಿತ್ತು. ಡಾಕ್ಟರು ಈ ಸಲ ಬೆಕ್ಕಿನ ತಲೆ ಸವರಿದಳು, ಅಷ್ಟೇ. ಬಟ್ಟಲು ದಿನಾ ಖಾಲಿಯಾಗುತ್ತದೆ ಎಂದು ವೀಣಾ ಆಣೆ ಮಾಡಿ ಹೇಳಿದಳು. ಸಂಜೆ ಮಗಳು ಕಾಲ್ ಮಾಡಿದಾಗ ನಾನು ಫೋನನ್ನು ಸ್ವಲ್ಪ ದೂರ ಹಿಡಿದೆ, ಪಕ್ಕೆಯ ಎಲುಬು ಕಾಣದಿರಲಿ ಎಂದು.

ತಪ್ಪು ಯಂತ್ರದ್ದೇ ಎಂದು ನನಗೆ ಅನುಮಾನವಿರಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಅರ್ಧ ಗಂಟೆ ವಾಲ್ವುಗಳ ಬಗ್ಗೆ ಪಾಠ ಹೇಳಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿ, ಗುಬುಟು ಯಾವ ಸ್ಥಾನದಲ್ಲಿದೆ ಎಂದು ಕೇಳಿದಳು. ನನ್ನಂಥವನನ್ನು ಕೇಳುವ ಪ್ರಶ್ನೆಯೇ ಇದು? ಅದು ನಾನು ಇಟ್ಟಲ್ಲೇ ಇದೆ ಎಂದು ನೋಡದೆಯೇ ಗದರಿ ಫೋನಿಟ್ಟೆ. ಆಮೇಲೆ ಮೂರು ದಿನ ಆಫೀಸಿಗೆ ಹೋಗುವ ಮೊದಲು ಬಾಗಿಲ ಮುಂದೆ ಮಂಡಿಯೂರಿ ಪರೀಕ್ಷಿಸಿದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದದ್ದು ನನ್ನ ಮಂಡಿಗೆ. ನಾಲ್ಕನೇ ದಿನ ಅದು ಬೂದುಗುಂಬಳದಷ್ಟು ಊದಿಕೊಂಡಿತು. ಒಂದು ವಾರ ಕಾಲು ಮೇಲಿಟ್ಟುಕೊಂಡು ಮಲಗು ಎಂದರು ಡಾಕ್ಟರು, ಬೆಕ್ಕಿನವರಲ್ಲ, ನನ್ನವರು.

ಹೀಗಾಗಿ ವರ್ಷಗಳಲ್ಲೇ ಮೊದಲ ಸಲ ನಾನು ಮುಸ್ಸಂಜೆಯ ಹೊತ್ತಿಗೆ ಮನೆಯಲ್ಲಿದ್ದೆ. ವಾರದ ದಿನಗಳಲ್ಲಿ ಆ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ. ಶನಿವಾರ, ಭಾನುವಾರ ನಮ್ಮೂರಿನ ನಾಲ್ಕು ಗಂಡಸರ ಜೊತೆ ಮೈದಾನ ಸುತ್ತುತ್ತ, ದೇಶ ಎಲ್ಲಿ ತಪ್ಪಿತು ಎಂದು ಹೇಳುತ್ತಿರುತ್ತೇನೆ. ಹೊಸ ಬಾಗಿಲು ಜೋಡಿಸಿದ ಆ ಭಾನುವಾರ ಒಂದು ಮಾತ್ರ ಮನೆಯಲ್ಲಿದ್ದೆ, ಅಂದೂ ನಾನಿದ್ದದ್ದು ಲಾಂಡ್ರಿಯಲ್ಲಿ. ನೆಲವೆಲ್ಲ ನನ್ನ ಸಾಮಾನಿನಿಂದ ತುಂಬಿ, ವೀಣಾ ಅಂದು ಬೆಕ್ಕಿನ ಬಟ್ಟಲನ್ನೇ ಎತ್ತಿಟ್ಟಿದ್ದಳು, ದೀಪವನ್ನೂ ನಾನು ಎದ್ದು ಸ್ನಾನಕ್ಕೆ ಹೋದ ಮೇಲೆ ಹಚ್ಚಿದ್ದಳು. ಈಗ ನಡುಮನೆಯ ಸೋಫಾದಲ್ಲಿ ಕಾಲು ಚಾಚಿ ಬಿದ್ದುಕೊಂಡು, ನನ್ನ ಮನೆಯಲ್ಲಿ ನಾನಿಲ್ಲದಾಗ ಏನು ನಡೆಯುತ್ತದೆಂದು ನೋಡಿದೆ.

ವೀಣಾ ಮೊದಲು ಲಾಂಡ್ರಿಯ ಹೊಸಿಲ ಬಳಿ ಇರುವ ಪುಚ್ಚೆಯ ಬಟ್ಟಲಿಗೆ ಔಷಧದ ಕಾಳು ಹಾಕಿದಳು. ಕೈಕಾಲು ತೊಳೆದುಕೊಂಡಳು. ಲಾಂಡ್ರಿಗೆ ಹೋಗಿ ಹಿಂಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು, ಜೊತೆಗೆ ಇನ್ನೊಂದು ಸಣ್ಣ ಕಟಕ್. ಆಮೇಲೆ ಬಂದು ಮುಂಬಾಗಿಲನ್ನು ಹಾರು ಹೊಡೆದಳು. ಅದರ ಸೊಳ್ಳೆ ಜಾಲರಿಯ ಬಾಗಿಲನ್ನೂ ತೆರೆದು ಗೋಡೆಗೆ ಸಿಕ್ಕಿಸಿದಳು. ದೇವರ ಗೂಡಿನ ಮುಂದೆ ದೀಪ ಹಚ್ಚಿ, ನನಗೂ ಬಾಗಿಲಿಗೂ ಬೆನ್ನು ಮಾಡಿ ಕುಳಿತು ಶ್ಲೋಕ ಶುರುಮಾಡಿದಳು.

ಎರಡನೇ ಶ್ಲೋಕಕ್ಕೆ ಸಿರಿಲ್ ಬಂದ. ಮುಂಬಾಗಿಲಿನಿಂದ, ಬಾಲ ನೆಟ್ಟಗೆ ಎತ್ತಿಕೊಂಡು, ಮೊದಲ ದೀಪಾವಳಿಗೆ ಬರುವ ಅಳಿಯನ ಹಾಗೆ. ನನ್ನ ಕಡೆ ಒಮ್ಮೆ ನೋಡಿದ. ನನ್ನ ಕಾಲಿನ ಸ್ಥಿತಿ ಅವನಿಗೆ ಅರ್ಥವಾಗಿತ್ತು. ನೇರ ಬಟ್ಟಲಿಗೆ ಹೋದ. ಕುರುಕುರು ಸದ್ದು ದೇವರ ಗೂಡಿನವರೆಗೂ ಕೇಳಿಸುತ್ತಿತ್ತು. ಪುಚ್ಚೆ ಚೆನ್ನಾಗಿ ತಿನ್ನುತ್ತಿದೆ ಎಂಬ ಸಮಾಧಾನದಲ್ಲಿ ವೀಣಾಳ ಧ್ವನಿ ಇನ್ನಷ್ಟು ಇಂಪಾಯಿತು. ಹಿಂದುಗಡೆ ಲಾಂಡ್ರಿಯ ಬಾಗಿಲನ್ನು ಹೊರಗಿನಿಂದ ಯಾರೋ ಮೆಲ್ಲಗೆ ಕೆರೆಯುತ್ತಿದ್ದರು.

ಕುಂಟುತ್ತ ಹೋಗಿ ನೋಡಿದೆ. ಗುಬುಟು ಪೂರ್ತಿ ಬಂದ್ ಎಂಬಲ್ಲಿತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನ ಆಚೆ ಪುಚ್ಚೆ ಕುಳಿತಿತ್ತು. ಜಗತ್ತಿನಲ್ಲೇ ಅತಿ ಬುದ್ಧಿವಂತ ಬಾಗಿಲು ನಮ್ಮ ಬೆಕ್ಕನ್ನು ಹೊರಗಿಟ್ಟಿತ್ತು, ಪಕ್ಕದ ಮನೆಯ ಬೆಕ್ಕು ನನ್ನ ಬೆನ್ನ ಹಿಂದೆ ಬಟ್ಟಲು ನೆಕ್ಕುತ್ತಿತ್ತು.

ಶ್ಲೋಕ ಮುಗಿಯುವ ತನಕವೂ ನನಗೆ ತಾಳ್ಮೆಯಿರಲಿಲ್ಲ. ಇದೇನು ಮಾಡುತ್ತಿದ್ದೀ ಎಂದು ಕೂಗಿದೆ. ಮೂಢನಂಬಿಕೆ ಎಂದೆ. ಓದಿದವಳು, ಚೈಲ್ಡ್‌ಕೇರ್ ನಡೆಸುವವಳು, ಒಂದು ಜೀವವನ್ನು ಉಪವಾಸ ಕೆಡವುತ್ತಿದ್ದೀ ಎಂದೆ. ಆಡಬಾರದ್ದನ್ನು ಇನ್ನೂ ಸ್ವಲ್ಪ ಆಡಿದೆ. ವೀಣಾ ಎದ್ದು ಬಂದಳು. ಮೊದಲು ಪುಚ್ಚೆಯನ್ನು ನೋಡಿದಳು, ಆಮೇಲೆ ಸಿರಿಲನನ್ನು ನೋಡಿದಳು. ಬಾಗಿಲು ತೆರೆದು ಪುಚ್ಚೆಯನ್ನು ಎತ್ತಿ ಎದೆಗೆ ಅವಚಿಕೊಂಡ ಮೇಲೆಯೇ ಅವಳು ಮಾತಾಡಿದ್ದು.

“ದೀಪ ಹಚ್ಚೋ ಹೊತ್ತಲ್ಲಿ ಹಿಂಬಾಗ್ಲು ತೆಗೆದಿದ್ರೆ ಮುಂದಿಂದ ಬಂದ ಲಕ್ಷ್ಮಿ ಹಿಂದಿಂದ ಹೋಗ್ಬಿಡ್ತಾಳೆ ಅಂತ ನೀವೇ ತಾನೆ ಹೇಳಿದ್ದು? ನಮ್ಮನೇಲಿ ಇದೆಲ್ಲ ಎಲ್ಲಿತ್ತು? ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಇದ್ದಿದ್ದೇ ಒಂದು ಬಾಗ್ಲು.”

ಅದಕ್ಕೆ ಬೆಕ್ಕಿನ ಬಾಗಿಲನ್ನೂ ಏಕೆ ಮುಚ್ಚಬೇಕಿತ್ತು ಎಂದು ಕೇಳಿದೆ. ಕೇಳಬಾರದಿತ್ತು.

“ಬಾಗ್ಲಲ್ಲಿರೋ ಬಾಗ್ಲೂ ಬಾಗ್ಲೇ ಅಲ್ವಾ?”

ಸೋಫಾಕ್ಕೆ ಮರಳಿ ಕಾಲು ಮೇಲಿಟ್ಟುಕೊಂಡು ನೆನಪಿಸಿಕೊಂಡೆ. ಹೇಳಿದ್ದು ಹೌದು. ಮದುವೆಯಾಗಿ ಅವಳು ಈ ದೇಶಕ್ಕೆ ಬಂದ ಮೊದಲ ವಾರ, ಸಂಜೆ ಹಿಂದೆ ಬಟ್ಟೆ ತೆಗೆಯಲು ಹೋದವಳು ಬಾಗಿಲು ಹಾಗೇ ಬಿಟ್ಟಿದ್ದಳು. ಹೊಸ ಗಂಡ, ಏನಾದರೂ ದೊಡ್ಡದಾಗಿ ಹೇಳಬೇಕೆನಿಸಿತ್ತು; ನನ್ನ ಅಮ್ಮ ಹೇಳುತ್ತಿದ್ದದ್ದನ್ನು ಹಾಗೇ ಹೇಳಿ, ಮುಖವನ್ನೂ ಸ್ವಲ್ಪ ಗಂಭೀರ ಮಾಡಿಕೊಂಡಿದ್ದೆ. ಮರುದಿನವೇ ಮರೆತುಬಿಟ್ಟಿದ್ದೆ. ಆಮೇಲೆ ನಾನು ನಂಬಿದ್ದೂ ಇಲ್ಲ, ಪಾಲಿಸಿದ್ದೂ ಇಲ್ಲ. ಅವಳು ಇಪ್ಪತ್ತೆಂಟು ವರ್ಷ, ಒಂದು ದಿನವೂ ತಪ್ಪದೆ, ಎರಡು ಬಾಡಿಗೆ ಮನೆಗಳಲ್ಲಿ ಮತ್ತು ಈ ಮಾರ್ಟ್‌ಗೇಜಿನ ಮನೆಯಲ್ಲಿ, ನನ್ನ ಆ ಒಂದು ಮಾತಿಗೆ ಬಾಗಿಲು ಹಾಕುತ್ತ, ತೆಗೆಯುತ್ತ ಬಂದಿದ್ದಳು.

ಶ್ರಾದ್ಧದ ಬೆಕ್ಕಿನ ಕತೆ ನಿಮಗೆ ಗೊತ್ತಿರುತ್ತದೆ. ಶ್ರಾದ್ಧದ ದಿನ ಮನೆಯ ಬೆಕ್ಕು ಕಾಟ ಕೊಡುತ್ತದೆಂದು ತಂದೆ ಅದನ್ನು ಬುಟ್ಟಿಯಡಿ ಮುಚ್ಚಿಟ್ಟನಂತೆ. ಅವನು ಸತ್ತ ಮೇಲೆ ಮಗ ಶ್ರಾದ್ಧಕ್ಕೆಂದು ಊರೆಲ್ಲ ಅಲೆದು ಬೆಕ್ಕೊಂದನ್ನು ತಂದು ಬುಟ್ಟಿಯಡಿ ಮುಚ್ಚಿದನಂತೆ. ನಮ್ಮ ಜನ ಸೇರಿದಲ್ಲೆಲ್ಲ ನಾನು ಈ ಕತೆ ಹೇಳಿ ನಗಿಸಿದ್ದೇನೆ. ಮೈದಾನ ಸುತ್ತುವಾಗಲಂತೂ ವಾರಕ್ಕೊಮ್ಮೆ. ಆ ಕತೆಯಲ್ಲಿ ನಾನು ಯಾವಾಗಲೂ ಹೊರಗೆ ನಿಂತು ನಗುವವನಾಗಿದ್ದೆ. ಬುಟ್ಟಿ ತಂದುಕೊಟ್ಟವನೇ ನಾನು ಎಂದು ತಿಳಿದ ಮೇಲೆ ಕತೆಯ ರುಚಿ ಕೆಟ್ಟಿತು. ವೀಣಾಳ ಕ್ಷಮೆ ಕೇಳಿದೆ. ಕೇಳಿಸಿಕೊ ಎಂದು ಎರಡು ಸಲ ಹೇಳಬೇಕಾಯಿತು, ಏಕೆಂದರೆ ಅವಳಿಗೆ ಅಭ್ಯಾಸವಿರಲಿಲ್ಲ.

ಪರಿಹಾರಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. ದೀಪ ಹಚ್ಚುವ ಅರ್ಧ ಗಂಟೆ ಮೊದಲು ಪುಚ್ಚೆಯನ್ನು ಒಳಗೆ ಕರೆದು, ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿ ತಿನ್ನಿಸುವುದು. ಅಷ್ಟೇ. ವೀಣಾ ಕಂಡುಹಿಡಿದದ್ದು, ಒಂದು ನಿಮಿಷದಲ್ಲಿ. ಸಿರಿಲ್ ಈಗಲೂ ಮುಂಬಾಗಿಲಿನಿಂದ ಬರುತ್ತಾನೆ; ದೀಪದ ಹೊತ್ತಿಗೆ ಬಂದವರನ್ನು ಅಟ್ಟಬಾರದು ಎನ್ನುತ್ತಾಳೆ ವೀಣಾ, ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಖಾಲಿ ಜಾಗವನ್ನು ಮೂಸಿ, ಸ್ವಲ್ಪ ಶ್ಲೋಕ ಕೇಳಿ ಹೋಗುತ್ತಾನೆ. ಫ್ಲೋರಿನ್ ಬಾಯಿಯವರಿಗೆ ನಡೆದದ್ದನ್ನು ಹೇಳಿದಾಗ ಅವರು ಗೆದ್ದವರ ಹಾಗೆ ನಕ್ಕರು. “ನಾನು ಹೇಳ್ಲಿಲ್ವಾ ಮಾರಾಯ್ರೆ, ಮರ್ಯಾದಸ್ಥ ಅಂತ? ಎದುರಿನ ಬಾಗಿಲಿಂದಲೇ ಬಂದದ್ದು ನೋಡಿ.”

ಮೂರು ತಿಂಗಳಲ್ಲಿ ಪುಚ್ಚೆಯ ಪಕ್ಕೆ ತುಂಬಿತು. ಡಾಕ್ಟರು ನಕ್ಕಳು. ನಾನು ಮಗಳಿಗೆ ಫೋನನ್ನು ಹತ್ತಿರ ಹಿಡಿದು ತೋರಿಸಿದೆ. ಗೆದ್ದೆ ಎಂದುಕೊಂಡಿದ್ದೆ. ಆಗ ಬಂತು ಸುದ್ದಿ: ಅನಘಳಿಗೆ ಅಲ್ಲೇ ಡ್ಯಾಂಡಿನಾಂಗಿನಲ್ಲಿ ಅವಳದೇ ಒಂದು ಯುನಿಟ್, ಅಂದರೆ ಪುಟ್ಟ ಮನೆ, ಸಿಕ್ಕಿದೆ, ನೆಲದ ಮಟ್ಟದಲ್ಲಿ, ಬೆಕ್ಕು ಇಟ್ಟುಕೊಳ್ಳಬಹುದು. ಜೂನಿನಲ್ಲಿ ಮೂರು ದಿನ ರಜೆ ಇರುವ ವಾರಾಂತ್ಯಕ್ಕೆ ಬಂದು ಪುಚ್ಚೆಯನ್ನು ಕರೆದೊಯ್ಯುತ್ತಾಳಂತೆ. ಅಷ್ಟೆಲ್ಲ ಹೆಣಗಾಡಿ ಬದುಕಿಸಿದ್ದು ಕಳಿಸಿಕೊಡುವುದಕ್ಕೆ. ಬೆಕ್ಕು ಸತ್ತರೂ ಕಾಲ್ ಹೋಗುತ್ತಿತ್ತು. ಬೆಕ್ಕು ಬದುಕಿದ್ದಕ್ಕೂ ಹೋಗುತ್ತದೆ. ಎಲ್ಲ ದಿಕ್ಕಿನಿಂದಲೂ ಸೋರುವ ಇಂಥ ವಾಲ್ವನ್ನು ನಾನು ನೋಡಿರಲಿಲ್ಲ.

ಎರಡು ದಿನ ನುಂಗಿಕೊಂಡೆ. ಮೂರನೇ ದಿನ ಸಂಜೆ ಫೋನು ಬೆಕ್ಕಿನ ಕಡೆ ತಿರುಗಿಸುವ ಬದಲು ನನ್ನ ಕಡೆಯೇ ಇಟ್ಟುಕೊಂಡು ಕೇಳಿಬಿಟ್ಟೆ.

“ಪುಚ್ಚೇನ ಕರ್ಕೊಂಡು ಹೋದ್ಮೇಲೆ ನೀನು ಫೋನ್ ಮಾಡೋದು ಯಾಕೆ, ಅಲ್ವಾ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ಮನೆ ಬಿಟ್ಟು ಹೊರಡುವಾಗ ಅಮ್ಮ ಪೆಟ್ಟಿಗೆಯಲ್ಲಿ ಒಂದು ಸಣ್ಣ ದೀಪ ಇಟ್ಟಿದ್ದಳಂತೆ. ಕೆಲಸದಿಂದ ಬಂದ ಮೇಲೆ ಅದನ್ನು ಹಚ್ಚುತ್ತಾಳಂತೆ. ಹಿಂಬಾಗಿಲು ಹಾಕಿ, ಮುಂಬಾಗಿಲು ತೆರೆದು, ಕಾಲು ಗಂಟೆ. ಜೊತೆಯ ಹುಡುಗಿಯರು ಬರುವುದು ತಡ. ಬೀದಿಗೆ ತೆರೆದ ಬಾಗಿಲ ಬಳಿ ಒಬ್ಬಳೇ ಕೂರಲು ಭಯ. ಅದಕ್ಕೇ, ಆ ಕಾಲು ಗಂಟೆ ಕಳೆಯುವ ತನಕ ನಮಗೆ ಕಾಲ್ ಮಾಡುವುದಂತೆ.

ಮತ್ತೆ ಪುಚ್ಚೆ? ಎಂದು ಕೇಳಿದೆ.

“ಯೂ ನೆವರ್ ಟಾಕ್, ಅಪ್ಪ,” ಎಂದಳು. “ಸೋ ಐ ಆಸ್ಕ್ ಫಾರ್ ಪುಚ್ಚೆ.”

ಎರಡು ವರ್ಷ ಆ ವಿಡಿಯೊ ಕಾಲ್‌ಗಳಲ್ಲಿ ಅವಳು ಮನೆಯೊಳಗೂ ಜಾಕೆಟ್ ಹಾಕಿಕೊಂಡೇ ಕೂತಿರುತ್ತಿದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು. ಅವಳ ಹಿಂದೆ ಬಾಗಿಲು ತೆರೆದೇ ಇತ್ತು. ಮೆಲ್ಬರ್ನಿನ ಗಾಳಿಗೆ ಕೂದಲು ಮುಖದ ಮೇಲೆ ಬರುತ್ತಿತ್ತು. ಬಾಗಿಲು ಹಾಕಿಕೋ, ಥಂಡಿಯಾಗುತ್ತದೆ ಎನ್ನಲು ಬಾಯಿ ತೆರೆದೆ. ಹಾಕಿದರೆ ಮಾತು ಮುಗಿದುಹೋಗುತ್ತದೆ ಎಂದು ಹೊಳೆಯಿತು. ಒಳಗೆ ಹೋಗಿ ಇನ್ನೊಂದು ಜಾಕೆಟ್ ಹಾಕಿಕೊಂಡು ಬಾ, ಕಾಯುತ್ತೇನೆ ಎಂದೆ.